ಹದಿನೈದು ಸೆಕೆಂಡಿನ ರಾಯರು

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಒಬ್ಬ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ರಾಯರು ಸಿಕ್ಕೇ ಸಿಗುತ್ತಾರೆ. ನೀರಿನ ಟ್ಯಾಂಕಿನಿಂದ ತೆಂಗಿನ ಮರಕ್ಕೆ ತಂತಿ ಎಳೆದಿದ್ದು, ಅದರ ಮೇಲೆ ಒಂದು ಟವೆಲ್ಲೂ ಒಣಗುತ್ತಿಲ್ಲವೆಂದರೆ ಅದೇ ಅವರ ಮನೆ. ಪರೀಕ್ಷೆ ಬರೆದು ಪಡೆದ ರೇಡಿಯೊ ಗುರುತು, ಅಂದರೆ ‘ವಿಯು’ ಕಾಲ್‌ಸೈನು, ಕಾರಿನ ಗಾಜಿನಿಂದ ಹಿಡಿದು ಮಗಳ ಲಗ್ನಪತ್ರಿಕೆಯವರೆಗೆ ಎಲ್ಲೆಲ್ಲೂ ಇರುತ್ತದೆ.

ಮೊದಲು ಮೈಕು ಹಿಡಿದು ಕೂಗುತ್ತಿದ್ದರು. ಈಗ ಕಂಪ್ಯೂಟರಿಗೆ ರೇಡಿಯೊ ಜೋಡಿಸಿ ಟೈಪಿಸುತ್ತಾರೆ. ಟೈಪಿಸುತ್ತಾರೆ ಅನ್ನುವುದೂ ದೊಡ್ಡ ಮಾತೇ. 1998ರಲ್ಲಿ ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ ಪಿಎಸ್‌ಕೆ31 ಅನ್ನುವ ವಿಧಾನ ರೂಪಿಸಿದ್ದು, ಇಬ್ಬರು ಕೂತು ಕೀಲಿಮಣೆಯಲ್ಲೇ ಹರಟಲಿ ಅಂತ. ಬೆರಳು ಓಡುವಷ್ಟೇ ಅದರ ವೇಗ. ರಾಯರು ಎಫ್2 ಒತ್ತುತ್ತಾರೆ. ಹೆಸರು, ಊರು, ರೇಡಿಯೊ, ಆಂಟೆನಾ, ಹವಾಮಾನ, ಮೊದಲೇ ಬರೆದಿಟ್ಟದ್ದು ಸಾಲಾಗಿ ಹೊರಡುತ್ತದೆ. ಡಿಸೆಂಬರಿನಲ್ಲಿ ತುಂಬಿದ ಹವಾಮಾನವಾದ್ದರಿಂದ ಏಪ್ರಿಲ್ ಬಿಸಿಲಲ್ಲೂ ಬೆಂಗಳೂರಲ್ಲಿ ಚಳಿ. ಆ ಕಡೆ ಇಟಲಿಯ ಹ್ಯಾಮೂ ತನ್ನ ಎಫ್2 ಒತ್ತುತ್ತಾನೆ. ಇಬ್ಬರೂ ಒಂದಕ್ಷರ ಬರೆದಿಲ್ಲ. “ಎಷ್ಟು ಚೆನ್ನಾಗಿ ಮಾತಾಡ್ದ ಕಣೇ!” ಅಂತ ರಾಯರು ಅಡುಗೆಮನೆ ಕಡೆಗೆ ಕೂಗುತ್ತಾರೆ.

ಆಮೇಲೆ 2017ರಲ್ಲಿ ಎಫ್‌ಟಿ8 ಅನ್ನುವ ಇನ್ನೊಂದು ವಿಧಾನ ಬಂತು, ಆ ಶ್ರಮವೂ ತಪ್ಪಿತು. ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರ್ಯಾಂಕಿ ಜೊತೆ ಸೇರಿ ಮಾಡಿದ್ದು. ಹದಿನೈದು ಸೆಕೆಂಡು ನಾನು, ಹದಿನೈದು ಸೆಕೆಂಡು ನೀನು. ಕಾಲ್‌ಸೈನು, ಭೂಪಟದ ಚೌಕ, ಸಿಗ್ನಲ್ ಎಷ್ಟು ಡೆಸಿಬಲ್, ಕೊನೆಗೆ ‘73’, ಅಂದರೆ ನಮಸ್ಕಾರ. ಮನಸ್ಸಿನ ಮಾತೇನಾದರೂ ಇದ್ದರೆ 13 ಅಕ್ಷರ, ಮಧ್ಯದ ಖಾಲಿ ಜಾಗವೂ ಸೇರಿ. ಕಿವಿಗೆ ಬರೀ ಗೊರಗೊರ ಅನ್ನುವಲ್ಲಿಂದ ಬ್ರೆಜಿಲ್ ಹೆಕ್ಕಿಕೊಡುತ್ತದೆ, ಅದು ನಿಜವಾಗಿಯೂ ಪವಾಡ. ಆದರೆ ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೂ ಕೆಲಸ ಕೆಡುತ್ತದೆ. ಹಾಗಾಗಿ ಮೇಜಿನ ಮೇಲಿನ ಗಡಿಯಾರ ಗ್ರೀನಿಚ್ಚಿನದು. ಬೆಳಗ್ಗೆ ಏಳಕ್ಕೆ ಬಂದ ನೆಂಟರು ಅದರಲ್ಲಿ ಒಂದೂವರೆ ನೋಡಿ, ತಿಂಡಿಗೆ ಬಂದೆವೋ ಊಟಕ್ಕೋ ಅಂತ ಗಾಬರಿಯಾಗುತ್ತಾರೆ.

ಪರದೆಯ ಮೇಲೆ ಸಿಗ್ನಲ್ಲುಗಳು ಗೆರೆಗೆರೆಯಾಗಿ ಇಳಿಯುವ ‘ವಾಟರ್‌ಫಾಲ್’ ಒಂದಿದೆಯಲ್ಲ, ಅದರಲ್ಲಿ ರಾಯರು ಬೀದಿಯ ಸಂಸಾರವನ್ನೇ ಓದಬಲ್ಲರು. ಇದ್ದಕ್ಕಿದ್ದಂತೆ ಬೆಳ್ಳಗಾದರೆ, “ಪಕ್ಕದ್ಮನೇಲಿ ಚಟ್ನಿ ರುಬ್ತಿದಾರೆ.” ಸಂಜೆ ಹೊಸ ಗೆರೆ ಮೂಡಿದರೆ, “ಎದುರುಮನೆಯವರು ಅಗ್ಗದ ಎಲ್‌ಇಡಿ ಬಲ್ಬು ತಂದ್ರು.” ಅವರಿಗೆ ಒಳ್ಳೇ ಬಲ್ಬು ಕೊಡಿಸಿ ಬಂದದ್ದೂ ಉಂಟು, ತಮ್ಮದೇ ಖರ್ಚಿನಲ್ಲಿ.

“ರೀ, ಗ್ಯಾಸ್ ಬುಕ್ ಮಾಡಿದ್ರಾ?”

ಬೆರಳೆತ್ತುತ್ತಾರೆ. ಪರದೆಯ ಸರದಿ ಮುಗಿದ ಮೇಲೆ, “ಇಲ್ಲ.”

ವಿಚಿತ್ರವೆಂದರೆ ರಾಯರಿಗೆ 14 ಮೆಗಾಹರ್ಟ್ಸಿನಲ್ಲಿ ಬ್ರೆಜಿಲ್ ಸಿಗುತ್ತದೆ, ಮೈಸೂರು ಸಿಗುವುದಿಲ್ಲ. ಆಕಾಶಕ್ಕೆ ಹೋದ ಅಲೆ ಅಯಾನುಗೋಳದಿಂದ ಬಾಗಿ ನೆಲಕ್ಕಿಳಿಯುವಷ್ಟರಲ್ಲಿ ಮೈಸೂರು ಎಷ್ಟೋ ಹಿಂದೆ ಉಳಿದಿರುತ್ತದೆ. ಹಾಗಾಗಿ ಅಲ್ಲಿನ ಹ್ಯಾಮ್ ಭಟ್ಟರು ಒಂದು ಭಾನುವಾರ ರೈಲು ಹತ್ತಿ ಬಂದೇಬಿಟ್ಟರು. ಹೆಸರು, ಊರು ಮೊದಲೇ ಗೊತ್ತು. ಚೌಕ ಕೇಳಿದರೆ ಇಬ್ಬರದೂ ಎಂಕೆ82. ಆಂಟೆನಾ ನೋಡಿದ್ದಾಯಿತು. ಸೆಕೆ ಅಂದರು ಇವರು, ಹೌದು ಅಂದರು ಅವರು. ಕಾಫಿ ಇನ್ನೂ ಬಿಸಿಯಿತ್ತು.

“ಸರಿ ರಾಯರೇ, ಸೆವೆಂಟಿ ತ್ರೀ,” ಅಂತ ಭಟ್ಟರು ಎದ್ದರು.