ಸಂಕಲ್ಪವೂ ಒಗ್ಗರಣೆ ಮಿರ್ಚಿಯೂ

ಯಾವ ಕಾರ್ಯವನ್ನಾಗಲಿ ಆರಂಭಿಸುವ ಮುನ್ನ ಸಂಕಲ್ಪ ಮಾಡಬೇಕೆಂದು ವಿಧಿಸಿದ ನಮ್ಮ ಪೂರ್ವಿಕರು ಮನುಷ್ಯಸ್ವಭಾವವನ್ನು ಬಹು ಚೆನ್ನಾಗಿ ಬಲ್ಲವರಾಗಿದ್ದರೆಂಬುದಕ್ಕೆ ಆ ಸಂಕಲ್ಪದ ರಚನೆಯೇ ಸಾಕ್ಷಿ. ಬ್ರಹ್ಮನ ದ್ವಿತೀಯ ಪರಾರ್ಧದಿಂದ ಹೊರಟು, ಶ್ವೇತವರಾಹಕಲ್ಪ ವೈವಸ್ವತಮನ್ವಂತರಗಳನ್ನು ಹಾದು, ಕಲಿಯುಗದ ಪ್ರಥಮಪಾದದಲ್ಲಿ ಕಾಲಿಟ್ಟು, ಜಂಬೂದ್ವೀಪ ಭರತವರ್ಷಗಳನ್ನು ಸುತ್ತಿ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಒಂದೊಂದಾಗಿ ವಿಚಾರಿಸಿಕೊಂಡು ಬರುವ ಆ ಮಹಾವಾಕ್ಯದಲ್ಲಿ ‘ಮಾಡುತ್ತೇನೆ’ ಎಂಬ ಮಾತು ಬರುವುದು ಕಟ್ಟಕಡೆಗೆ. ಅಷ್ಟು ಹೊತ್ತಿಗೆ ಅಂಗೈಯಲ್ಲಿ ಹಿಡಿದ ಅಕ್ಷತೆ ಬೆವರಿನಿಂದ ಒದ್ದೆಯಾಗಿ, ಮಾಡತಕ್ಕ ಕಾರ್ಯ ಅರ್ಧ ಮುಗಿದೇಹೋಯಿತೆಂಬ ಒಂದು ತೃಪ್ತಿ ಮನಸ್ಸಿನಲ್ಲಿ ನೆಲೆಗೊಂಡಿರುವುದು. ನನ್ನ ಮಟ್ಟಿಗೆ ಹೇಳುವುದಾದರೆ, ಜೀವಮಾನದಲ್ಲಿ ನಾನು ಕೈಕೊಂಡ ಮಹತ್ಕಾರ್ಯಗಳಲ್ಲಿ ಬಹುಪಾಲು ಈ ತೃಪ್ತಿಯ ಹಂತದಲ್ಲಿಯೇ ಮಂಗಳ ಹಾಡಿಸಿಕೊಂಡಿವೆ.

ಸಂಕಲ್ಪದಲ್ಲಿ ಕಾಲದಂತೆಯೇ ದೇಶವನ್ನೂ ಹೇಳಬೇಕಷ್ಟೆ. ಇಲ್ಲಿ ಹರಪನಹಳ್ಳಿ ತಾಲ್ಲೂಕಿನ ನೀಲಗುಂದದವರಾದ ನಮಗೆ ಒಂದು ವಿಶೇಷ ತೊಡಕುಂಟು. ನಮ್ಮ ಅಜ್ಜನವರು ತಾವು ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕುಳಿತಂತೆಯೇ 1953ರಲ್ಲಿ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದರು. ಅದೇ ಪಡಸಾಲೆಯಲ್ಲಿ ಕುಳಿತು ನಮ್ಮ ತಂದೆಯವರು 1973ರಲ್ಲಿ ಕರ್ನಾಟಕವನ್ನು ಪ್ರವೇಶಿಸಿದರು. ನಾನು 1997ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಯನ್ನು ಸೇರಿದೆ. ಇಷ್ಟನ್ನೂ ಕಾಲಿಗೆ ಚಪ್ಪಲಿ ಮೆಟ್ಟದೆ. ಕುಳಿತಲ್ಲಿಂದಲೇ ಇಷ್ಟು ದೂರ ಬಂದ ವಂಶದವನಿಗೆ ನಡಿಗೆಯಲ್ಲಿ ಶ್ರದ್ಧೆ ಕಡಿಮೆಯಾದರೆ ಆಶ್ಚರ್ಯವೇನು? ಆದರೆ ನ್ಯಾಯವಾಗಿ ಹೇಳಬೇಕಾದರೆ, ಹರಪನಹಳ್ಳಿ ತಾಲ್ಲೂಕು ಬಳ್ಳಾರಿಗೆ ಮರಳಿದ್ದು ತನ್ನಷ್ಟಕ್ಕೆ ತಾನೇ ಅಲ್ಲ. ಕಲ್ಯಾಣ ಕರ್ನಾಟಕಕ್ಕೆ ದೊರೆತ 371ಜೆ ವಿಧಿಯ ಸೌಲಭ್ಯ ನಮಗೂ ಸಲ್ಲಬೇಕೆಂದು ಹಟ ಹಿಡಿದು ಧರಣಿ ಕುಳಿತವರು ಇಲ್ಲಿ ಇದ್ದರು. ಧರಣಿಯೂ ಕುಳಿತೇ ಮಾಡತಕ್ಕ ಕಾರ್ಯವೆಂಬುದು ಬೇರೆ ಮಾತು.

ನನ್ನ ಈಗಿನ ಸಂಕಲ್ಪ ನಮ್ಮೂರಿನ ಚರಿತ್ರೆಯನ್ನು ಬರೆಯುವುದು. ಶಾಲೆಯ ಕೆಲಸದಿಂದ ನಿವೃತ್ತನಾದ ದಿನ ಹಾರದ ಭಾರದಲ್ಲಿ ಬಗ್ಗಿದ ಕೊರಳಿನಿಂದ, ಸಭೆಯ ಸಮಕ್ಷಮದಲ್ಲಿ ಹೊರಟ ಮಾತಾದ್ದರಿಂದ ಅದನ್ನು ಹಿಂತೆಗೆದುಕೊಳ್ಳುವ ಉಪಾಯವಿಲ್ಲ. ವಸ್ತುವಿಗೇನೂ ಕೊರತೆಯಿಲ್ಲ. ಭೀಮೇಶ್ವರ ದೇವಾಲಯವಿದೆ, ಚಾಲುಕ್ಯರ ಶಿಲ್ಪಿಗಳು ತಿರುಗಣೆಗೆ ಕೊಟ್ಟು ತೀಡಿದಂಥ ಅದರ ಕಂಬಗಳನ್ನು ನೋಡಲು ಬಂದ ಅಲೆಗ್ಸಾಂಡರ್ ರೀ ಎಂಬ ಆಂಗ್ಲ ಮಹನೀಯ, ಅಳೆದು, ಚಿತ್ರ ಬರೆಯಿಸಿ, ಬಳ್ಳಾರಿ ಸೀಮೆಯ ಚಾಲುಕ್ಯ ವಾಸ್ತುವಿನ ಮೇಲೆ 1896ರಲ್ಲಿ ಗ್ರಂಥವನ್ನೇ ಅಚ್ಚು ಹಾಕಿಸಿದ. ಆ ಕಂಬಗಳಿಗೆ ಬೆನ್ನು ಕೊಟ್ಟು ಬಾಲ್ಯದ ಮಧ್ಯಾಹ್ನಗಳನ್ನು ನಿದ್ದೆಯಲ್ಲಿ ಕಳೆದ ನಾನು ಅವುಗಳ ಸುತ್ತಳತೆಯನ್ನು ಈವರೆಗೆ ತೆಗೆದಿಲ್ಲ. ನಮ್ಮೂರಿನ ಹೆಸರಿನ ತಾಮ್ರಶಾಸನವೂ ಉಂಟು, ಆರನೆಯ ವಿಕ್ರಮಾದಿತ್ಯನದು. ಈ ಚಕ್ರವರ್ತಿ ಸಾಮಾನ್ಯನಲ್ಲ. ನಾವೆಲ್ಲ ಹೊಸ ವರ್ಷಕ್ಕೆ ಹೊಸ ಡೈರಿಯನ್ನು ಕೊಂಡು, ಜನವರಿಯ ಮೊದಲ ವಾರದಲ್ಲಿ ದುಂಡಗೆ ಬರೆದು, ಆಮೇಲೆ ಹಾಲಿನ ಲೆಕ್ಕಕ್ಕೆ ಅದನ್ನು ಮನೆಯವರಿಗೆ ಒಪ್ಪಿಸುವೆವು. ಆತನಾದರೋ 1076ರಲ್ಲಿ ಪಟ್ಟವೇರಿದವನೇ ಹೊಸ ವರ್ಷವನ್ನೇ ಸ್ಥಾಪಿಸಿ, ಚಾಲುಕ್ಯ ವಿಕ್ರಮಶಕೆಯೆಂದು ಅದಕ್ಕೆ ತನ್ನ ಹೆಸರಿಟ್ಟ. ಅಂಥವನ ತಾಮ್ರಪಟದಲ್ಲಿಯೂ 1087 ಮತ್ತು 1123 ಎಂದು ಎರಡು ಕಾಲಗಳು ಕೂಡಿಕೊಂಡಿವೆ. ಒಂದೇ ಶಾಸನಕ್ಕೆ ಮೂವತ್ತಾರು ವರ್ಷಗಳ ಅಂತರದಲ್ಲಿ ಎರಡು ಬಾರಿ ಕೈ ಹಾಕಬೇಕಾಯಿತೆಂದರೆ, ಬಿರುದಾವಳಿಯಿಲ್ಲದ ನಿವೃತ್ತ ಮೇಷ್ಟ್ರ ಮೊದಲನೆಯ ಅಧ್ಯಾಯ ಕೊಂಚ ಸಾವಕಾಶವಾದುದಕ್ಕೆ ಯಾರೂ ಮುಖ ಸಿಂಡರಿಸಬೇಕಾಗಿಲ್ಲ.

ಆದರೂ ಊರವರು ಬಿಡರು.

“ಮೇಷ್ಟ್ರೇ, ಪುಸ್ತಕ ಎಲ್ಲಿಗೆ ಬಂತ್ರೀ?”

“ಚಾಲುಕ್ಯರ ಹತ್ರ ಐತಪಾ.”

“ಹೋದ ವರ್ಷಾನೂ ಅವ್ರ ಹತ್ರಾನ ಇತ್ತಲ್ರೀ?”

“ದೊಡ್ಡ ಮನೆತನ ನೋಡು. ಲಗೂನ ಎದ್ದು ಬರಾಕ ಆಗಂಗಿಲ್ಲ.”

ಈ ವಿಚಾರಣೆಗಳಿಂದ ಬೇಸತ್ತು ಒಮ್ಮೆ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ, ಮನೋಬಲವನ್ನು ಹೆಚ್ಚಿಸುವುದಾಗಿ ರಕ್ಷಾಪುಟದ ಮೇಲೆಯೇ ಆಣೆಯಿಟ್ಟಿದ್ದ ಪುಸ್ತಕವೊಂದನ್ನು ಕೊಂಡುತಂದೆ. ಬೆಳಗಿನ ಐದು ಗಂಟೆಗೆ ಎದ್ದು, ಕನ್ನಡಿಯ ಮುಂದೆ ನಿಂತು, ಅಲ್ಲಿ ಕಾಣುವ ವ್ಯಕ್ತಿಗೆ ‘ನಿನ್ನಿಂದ ಸಾಧ್ಯ’ ಎಂದು ದೃಢಸ್ವರದಲ್ಲಿ ಹೇಳಬೇಕೆಂಬುದು ಅದರ ಪ್ರಥಮೋಪದೇಶ. ಹಾಗೆಯೇ ನಿಂತೆ. ಆ ಹೊತ್ತಿನಲ್ಲಿ ಕನ್ನಡಿಯೊಳಗೆ ಕಂಡ ಮುಖ, ಇತರರಿಗೆ ಧೈರ್ಯ ಹೇಳುವುದು ಹಾಗಿರಲಿ, ತಾನೇ ಯಾರಿಂದಲಾದರೂ ಸಾಂತ್ವನವನ್ನು ಪಡೆಯತಕ್ಕ ಸ್ಥಿತಿಯಲ್ಲಿತ್ತು. ಒಳಗಿನಿಂದ “ಇಷ್ಟೊತ್ನಾಗ ಯಾರ ಕೂಡ ಮಾತಾಡಾಕ ಹತ್ತೀರಿ?” ಎಂದು ಮನೆಯವರ ಧ್ವನಿ ಬಂತು. ಉತ್ತರವಿಲ್ಲದ ಪ್ರಶ್ನೆ. ಪುಸ್ತಕ ಈಗ ಅಟ್ಟದ ಮೇಲೆ ತನ್ನ ಮನೋಬಲವನ್ನು ತಾನೇ ಕಾಪಾಡಿಕೊಂಡಿದೆ.

ಸಂಕಲ್ಪವನ್ನು ಕಾಪಾಡುವ ವಿದ್ಯೆಯನ್ನು ಹೊರಗಿನವರಿಂದ ಕಲಿಯಬೇಕಾದ ದಾರಿದ್ರ್ಯ ನಮ್ಮ ಸೀಮೆಗೆ ಬಂದಿಲ್ಲ. ಭರತ ಹುಣ್ಣಿಮೆಗೆ ಹಡಗಲಿ ಸೀಮೆಯ ಮೈಲಾರಕ್ಕೆ ಹೋಗಿ ನೋಡಿರಿ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಆಳೆತ್ತರವನ್ನು ಮೀರಿದ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಒಮ್ಮೆ ಕೂಗಿದನೆಂದರೆ ಲಕ್ಷಾಂತರ ಜನ ಉಸಿರು ಹಿಡಿಯುವರು. ಆತನ ಬಾಯಿಂದ ಬರುವುದು ಒಂದೇ ಒಂದು ಕಾರ್ಣಿಕವಾಕ್ಯ. ಅದರ ಅರ್ಥವೇನೆಂದು ಮಳೆಗೆ ಕಾದಿರುವ ರೈತನಿಂದ ಹಿಡಿದು ಮಂತ್ರಿಪದವಿಗೆ ಕಾದಿರುವ ಶಾಸಕನವರೆಗೆ ವರ್ಷವೆಲ್ಲ ತಲೆ ಕೆರೆದುಕೊಳ್ಳುವರು. ನಾನು ಮೂರು ಹೊತ್ತೂ ಉಂಡು, ನನ್ನ ಗ್ರಂಥದ ಯೋಜನೆಯನ್ನು ಸವಿಸ್ತಾರವಾಗಿ, ಅಧ್ಯಾಯವಿಭಾಗಸಹಿತವಾಗಿ ವಿವರಿಸುತ್ತೇನೆ. ಕೇಳುವವರು ನಡುವೆಯೇ ಎದ್ದು ಎತ್ತಿಗೆ ನೀರು ತೋರಿಸಲು ಹೋಗುತ್ತಾರೆ. ಉಪವಾಸಕ್ಕೂ ಮಾತಿನ ತೂಕಕ್ಕೂ ಏನೋ ಸಂಬಂಧವಿರುವಂತೆ ತೋರುತ್ತದೆ. ಪರೀಕ್ಷಿಸಿ ನೋಡುವ ಧೈರ್ಯ ನನಗಿಲ್ಲ.

ನನ್ನ ಶರೀರಧರ್ಮಕ್ಕೆ ಒಗ್ಗುವ ಪಂಥವೆಂದರೆ ಕೊಟ್ಟೂರಿನದು. ಮೈಲಾರದ ಕಾರ್ಣಿಕ ಮುಗಿದ ಕೆಲವೇ ದಿನಗಳಲ್ಲಿ ಗುರು ಕೊಟ್ಟೂರೇಶ್ವರನ ತೇರು. ಹರಿಹರದಿಂದ ಹರಪನಹಳ್ಳಿಯ ಮೇಲೆ ಹಾದು ಕೊಟ್ಟೂರಿಗೆ ರೈಲಿದೆ, ಬಸ್ಸುಗಳಿಗಂತೂ ಲೆಕ್ಕವಿಲ್ಲ. ಆದರೂ ದಾವಣಗೆರೆಯ ಕಡೆಯಿಂದ ಸಾವಿರಾರು ಜನ ಕಾಲ್ನಡಿಗೆಯಲ್ಲಿಯೇ ಬರುವರು. ಇವರಲ್ಲಿ ಒಕ್ಕಲು ಮಕ್ಕಳ ನಡಿಗೆ ಆಶ್ಚರ್ಯವಲ್ಲ. ಎದುರಂಗಡಿಯಿಂದ ಎಲೆ ಅಡಿಕೆ ತರಲು ಆಳನ್ನು ಕಳಿಸತಕ್ಕ ದಲ್ಲಾಳಿಗಳೂ, ಮಾಳಿಗೆಯ ಮೆಟ್ಟಿಲನ್ನು ಕಂಡರೆ ನಿಟ್ಟುಸಿರು ಬಿಡುವ ವರ್ತಕರೂ ಹೇಗೆ ನಡೆಯುವರೆಂಬುದೇ ನನ್ನನ್ನು ಕಾಡಿದ ಪ್ರಶ್ನೆ. ಉತ್ತರವನ್ನು ದಾರಿಯ ಪಕ್ಕದ ಒಂದು ಶಾಮಿಯಾನದ ಕೆಳಗೆ ಕಂಡೆ.

ಸ್ಥೂಲಕಾಯದ ಯಜಮಾನರೊಬ್ಬರು ಪ್ಲಾಸ್ಟಿಕ್ ಕುರ್ಚಿಯನ್ನು ತುಂಬಿ ಕುಳಿತಿದ್ದರು. ಪಾದಗಳೆರಡೂ ಬೊಬ್ಬೆಯೆದ್ದು, ಧೂಳಿನಲ್ಲಿ ಮುಳುಗಿ, ಯಾರವೋ ಎಂಬಂತೆ ಮುಂದಕ್ಕೆ ಚಾಚಿದ್ದವು. ಕಾಲೇಜಿನ ಹುಡುಗನೊಬ್ಬ ನೆಲದ ಮೇಲೆ ಕುಳಿತು ಆ ಕಾಲುಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದ.

“ಇನ್ನ ನನ್ನ ಕೈಲಿ ಆಗಂಗಿಲ್ಲ ತಮ್ಮಾ. ಇಲ್ಲೇ ಬಸ್ ಹತ್ತಿಬಿಡತೀನಿ.”

“ಹತ್ರಿ ಯಜಮಾನ್ರೇ, ಯಾರ್ ಬ್ಯಾಡ ಅಂತಾರ? ಆದ್ರ ಮುಂದಿನ ಟೆಂಟಿನಾಗ ಈಗಷ್ಟ ಮಿರ್ಚಿ ಬಿಡಾಕ ಹತ್ಯಾರಂತ. ಅದನ್ನ ತಿಂದು ಅಲ್ಲಿಂದ ಹತ್ರಿ.”

ಯಜಮಾನರು ಕ್ಷಣಕಾಲ ಆಲೋಚಿಸಿದರು. ಆಮೇಲೆ, ಚಪ್ಪಲಿ ಹಿಡಿಸದ ಪಾದಗಳಿಗೆ ಟವೆಲಿನ ಚೂರು ಸುತ್ತಿಸಿಕೊಂಡು, ಎದ್ದು, ನಡೆದೇಬಿಟ್ಟರು! ಮುಂದಿನ ಟೆಂಟಿನಲ್ಲಿ ಒಗ್ಗರಣೆ ಮಿರ್ಚಿ. ಅದರ ಮುಂದಿನದರಲ್ಲಿ ಖಾರ ತಣಿಸಲು ಮಜ್ಜಿಗೆ. ಅಲ್ಲಿಂದಾಚೆ ಕಲ್ಲಂಗಡಿ, ಉಪ್ಪಿಟ್ಟು, ಬೂಂದಿ. ಕೈಯೊಡ್ಡದಿದ್ದರೆ ಮನೆಯವರೇ ಮುನಿದಷ್ಟು ನೊಂದುಕೊಳ್ಳುವ ಹಳ್ಳಿಯ ಜನ. ಆ ಯಜಮಾನರು ದಾವಣಗೆರೆಯಿಂದ ಕೊಟ್ಟೂರಿಗೆ ನಡೆದರೆಂದು ಲೋಕ ಹೇಳುವುದು. ನಿಜವಾಗಿ ಅವರು ಒಂದು ಟೆಂಟಿನಿಂದ ಇನ್ನೊಂದು ಟೆಂಟಿಗೆ ಮಾತ್ರವೇ ನಡೆದವರು. ಹೊರಟಾಗಿನದಕ್ಕಿಂತ ಹೆಚ್ಚಿನ ತೂಕದೊಡನೆ ಗುರುವಿನ ಸನ್ನಿಧಿಯನ್ನು ಮುಟ್ಟಿದ ಪಾದಚಾರಿಗಳೂ ಉಂಟೆಂದು ನನ್ನ ಬಲವಾದ ಗುಮಾನಿ.

ತೇರಿನ ದಿನ ನಾನೂ ಹೋಗಿದ್ದೆ, ಬಸ್ಸಿನಲ್ಲಿ. ಉತ್ತತ್ತಿ ಬಾಳೆಹಣ್ಣುಗಳನ್ನು ತೇರಿಗೆ ಎಸೆಯುವುದು ಹಳೆಯ ಪದ್ಧತಿ. ಈಗಿನ ತರುಣರು ನಾಡಿನ ಜಾತ್ರೆಗಳಲ್ಲೆಲ್ಲ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬಾಲ್‌ಪೆನ್ನಿನಿಂದ ತಮ್ಮ ಅರಿಕೆಯನ್ನು ಬರೆದು ಎಸೆಯುವ ನೂತನ ಸಂಪ್ರದಾಯವನ್ನು ಹುಟ್ಟುಹಾಕಿದ್ದಾರೆ. ಪಿಯುಸಿ ಪಾಸು, ಸರ್ಕಾರಿ ನೌಕರಿ, ಕನ್ಯಾಲಾಭ ಮುಂತಾದ ಪುರುಷಾರ್ಥಗಳ ನಡುವೆ ಬೆಂಗಳೂರಿನ ಕ್ರಿಕೆಟ್ ತಂಡಕ್ಕೆ ಕಪ್ಪು ಬರಲೆಂಬ ಪ್ರಾರ್ಥನೆಯೂ ಅನೇಕ ಹಣ್ಣುಗಳ ಮೇಲೆ ಅನೇಕ ವರ್ಷ ಹಾರಿತು. ‘ಈ ಸಲ ಕಪ್ ನಮ್ದೇ’ ಎಂದು ವರ್ಷ ವರ್ಷವೂ ಸೋತು, ವರ್ಷ ವರ್ಷವೂ ಅದೇ ಕಂಠಶ್ರೀಯಿಂದ ಕೂಗಿ, ಐಪಿಎಲ್ಲಿನ ಹದಿನೆಂಟನೆಯ ಆವೃತ್ತಿಯಾದ 2025ರಲ್ಲಿ ಕಪ್ಪನ್ನು ಕಂಡ ನಮ್ಮ ಜನಕ್ಕೆ ಮನೋಬಲದ ಪುಸ್ತಕಗಳನ್ನು ಮಾರುವವರ ಸಾಹಸವನ್ನು ಮೆಚ್ಚಬೇಕು. ನಾನೂ ಒಂದು ಹಣ್ಣಿನ ಮೇಲೆ ‘ಗ್ರಂಥ ಸಂಪೂರ್ಣವಾಗಲಿ’ ಎಂದು ಬರೆಯಹೊರಟೆ. ಹಣ್ಣು ಏಲಕ್ಕಿ ಬಾಳೆಯಾದುದರಿಂದ ‘ಗ್ರಂಥ ಸಂ’ ಎಂಬಲ್ಲಿಗೆ ಸ್ಥಳ ಮುಗಿಯಿತು. ಎಸೆದೆ. ಅದು ಕಳಸದ ಕಡೆಗೆ ಹೋಗದೆ ಮುಂದಿದ್ದ ಒಬ್ಬ ಬಾಲಕನ ಕೈಗೆ ಸಿಕ್ಕಿ, ಓದಲ್ಪಡದೆ ಸುಲಿಯಲ್ಪಟ್ಟು ಭಕ್ಷಿಸಲ್ಪಟ್ಟಿತು.

ಅಲ್ಲಿಂದ ಬಂದವನೇ ನಮ್ಮೂರ ಹೋಟೆಲಿನ ಯಜಮಾನನೊಡನೆ ಒಂದು ಒಪ್ಪಂದವನ್ನು ಮಾಡಿಕೊಂಡೆ. ಬೆಳಗ್ಗೆ ಅವನ ಹೋಟೆಲಿನ ಮೂಲೆಯ ಮೇಜಿನಲ್ಲಿ ಕುಳಿತು ನಾನು ಒಂದು ಹಾಳೆಯನ್ನು ಪೂರ್ತಿ ಬರೆಯತಕ್ಕದ್ದು; ಬರೆದು ಮುಗಿಯುವವರೆಗೆ ನನ್ನ ಪಾಲಿನ ಮಿರ್ಚಿಯನ್ನು ಬಾಣಲೆಗೆ ಬಿಡತಕ್ಕದ್ದಲ್ಲ. ಅಕ್ಷರ ದೊಡ್ಡದು ಮಾಡಿದರೆ ಅವನು ಕಂಡುಹಿಡಿಯುತ್ತಾನೆ. ಹಿಟ್ಟು ಹತ್ತಿದ ಬೆರಳನ್ನು ಹಾಳೆಯ ಮೇಲೆ ಓಡಿಸಿ, “ಇಲ್ಲಿ ನಾಕು ಸಾಲು ಖಾಲಿ ಬಿಟ್ಟೀರಿ” ಎಂದು ತೋರಿಸಿದ ಮೇಲೆ ಚಕ್ರವರ್ತಿಗೆ ಇನ್ನೆರಡು ಬಿರುದುಗಳನ್ನು ಕೂಡಿಸದೆ ಗತಿಯಿಲ್ಲ. ಹೀಗೆ ಎಣ್ಣೆಯ ಕಲೆಗಳಿಂದ ಅಲಂಕೃತವಾದ ಹಸ್ತಪ್ರತಿ 1123ನ್ನು ದಾಟಿತು. ಮೊನ್ನೆ ಅವನು ಜರಡಿಸೌಟನ್ನು ಬಾಣಲೆಯ ಅಂಚಿಗೆ ತಟ್ಟುತ್ತ ಕೇಳಿದ:

“ಮೇಷ್ಟ್ರೇ, ನಮ್ಮ ಹೋಟ್ಲು ಎಷ್ಟನೇ ಪುಟದಾಗ ಬರತೈತ್ರೀ?”

ಹೊಯ್ಸಳರು, ಸೇವುಣರು, ವಿಜಯನಗರದ ಅರಸರು, ಹರಪನಹಳ್ಳಿಯ ಪಾಳೆಯಗಾರರು, ಹೈದರ, ಟಿಪ್ಪು, ಕುಂಪಣಿ ಸರ್ಕಾರ, ಮದರಾಸಿನ ಕಲೆಕ್ಟರರು, ಇಷ್ಟು ಮಂದಿ ದಾಟಿದ ಮೇಲೆ ಎಂದು ವಿವರಿಸಿದೆ. ಅವನು ಕಡಲೆಹಿಟ್ಟಿನ ಡಬ್ಬಿಯನ್ನು ಬಗ್ಗಿ ನೋಡಿ, ಮನಸ್ಸಿನಲ್ಲಿಯೇ ಏನನ್ನೋ ಗುಣಿಸಿ, “ಹೈದರಂದು ಒಂಚೂರು ಚುಟುಕಾಗಿ ಮುಗಸ್ರಿ” ಎಂದ.