ವಾಚು ಸರ್ವೀಸಿಗೆ ಹೋಗಿದೆ

ಸಖರಾಯಪಟ್ಟಣದಲ್ಲಿ ಕಡೂರಿನ ಬಸ್ಸಿಗೆ ಕಾಯುವವರು ಒಬ್ಬರನ್ನು ಮಾತ್ರ ಟೈಮ್ ಕೇಳಬಾರದು. ಕೇಳಿದರೆ ಬಸ್ಸು ತಪ್ಪುತ್ತದೆ. "ಎಷ್ಟು ಗಂಟೆ ಆಯ್ತು ಯಜಮಾನ್ರೇ?" ಅಂದ ಕೂಡಲೇ ಅವರು ಎಡಗೈಯ ಅಂಗಿ ತೋಳನ್ನು ಎರಡು ಮಡಿಕೆ ಮೇಲಕ್ಕೆ ಸರಿಸಿ, ಬರಿಗೈಯನ್ನೇ ಒಂದು ಗಳಿಗೆ ನೋಡಿ, "ವಾಚು ಸರ್ವೀಸಿಗೆ ಹೋಗಿದೆ" ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು ಅಂದುಕೊಳ್ಳುವವನು ಊರಿಗೆ ಹೊಸಬ. "ಯಾವ ವಾಚು?" ಎಂದು ಯಾರಾದರೂ ಕೇಳುವವರೆಗೆ ಆ ತೋಳು ಕೆಳಗಿಳಿಯುವುದಿಲ್ಲ.

"ಒಮೇಗಾ. ನಮ್ಮಜ್ಜಂದು."

ಇಲ್ಲಿಂದ ಮುಂದೆ ಕಥೆ ಯಾವ ದಾರಿ ಹಿಡಿಯುತ್ತದೆ ಎನ್ನುವುದು ಎದುರಿಗೆ ಕೂತವರ ಮೇಲೆ. ತೋಟದವರು ಸಿಕ್ಕರೆ, ಅಜ್ಜ ತಿಪಟೂರಿನಲ್ಲಿ ಕೊಬ್ಬರಿ ಮಾರಿ, ಆ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಬೊಂಬಾಯಿಗೆ ಹೋಗಿ ತಂದದ್ದು. ಮೇಷ್ಟ್ರು ಸಿಕ್ಕರೆ, ಚಿಕ್ಕಮಗಳೂರಿನ ಕಾಫಿ ತೋಟದ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಡುವಾಗ ಕೈಯಿಂದ ಬಿಚ್ಚಿ ಕೊಟ್ಟದ್ದು. ಬೀಗರು ಬಂದು ಕೂತಿದ್ದರೆ ಮೈಸೂರು ಅರಮನೆಯೂ ನಡುವೆ ಹಾದು ಹೋಗುತ್ತದೆ. ಮೂರು ಕಥೆಯಲ್ಲೂ ಬದಲಾಗದ ವಾಕ್ಯ ಒಂದೇ: "ಅಜ್ಜನ ಕಾಲದಲ್ಲಿ ಅದು ಒಂದು ಸೆಕೆಂಡು ಹಿಂದೆ ಮುಂದೆ ಆದದ್ದಿಲ್ಲ." ಊರಲ್ಲಿ ಬೇರೆ ವಾಚೇ ಇಲ್ಲದ ಕಾಲದಲ್ಲಿ ಅಜ್ಜ ಅದನ್ನು ಯಾವುದರ ಜೊತೆ ತಾಳೆ ನೋಡಿದರು ಎಂದು ಇದುವರೆಗೆ ಯಾರೂ ಕೇಳಿಲ್ಲ.

ಇಂಥವರು ನಮ್ಮಲ್ಲಿ ಮಾತ್ರ ಇದ್ದಾರೆ ಅಂತಲ್ಲ. ತರೀಕೆರೆಯಲ್ಲೊಬ್ಬರ ಮನೆಯಲ್ಲಿ ಫೇವರ್ ಲೂಬಾ, ಅಜ್ಜಂಪುರದಲ್ಲೊಬ್ಬರ ಪೆಟ್ಟಿಗೆಯಲ್ಲಿ ವೆಸ್ಟ್ ಎಂಡ್ ಇರುತ್ತದೆ. ನಮ್ಮವರ ವಿಶೇಷವೇನೆಂದರೆ ವಾಚು ಮನೆಯಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ. "ಯಾವಾಗ ಕೊಟ್ಟಿದ್ರಿ?" ಎಂದರೆ "ಅಯ್ಯನಕೆರೆ ಕೋಡಿ ಬಿದ್ದ ವರ್ಷ" ಎನ್ನುತ್ತಾರೆ. ರುಕ್ಮಾಂಗದ ರಾಯ ಕಟ್ಟಿಸಿದ್ದೆಂದು ಊರವರು ಹೇಳುವ ಆ ಕೆರೆ ಅದಾದ ಮೇಲೆ ಮತ್ತೂ ಕೋಡಿ ಬಿತ್ತು. ವಾಚು ಬರಲಿಲ್ಲ.

ಕೊಡುವ ಮೊದಲು ಅವರು ನಡೆಸಿದ ವಿಚಾರಣೆ ಹೆಣ್ಣು ನೋಡುವುದಕ್ಕೂ ಯಾರೂ ನಡೆಸಿರಲಾರರು. ಕಡೂರಿನ ಗೂಡಂಗಡಿಯವನು ಬಿಚ್ಚಿ, ತೊಳೆದು, ಆಯಿಲಿಂಗ್ ಮಾಡಿ ಕೊಡುವುದಕ್ಕೆ ಕೆಲವು ನೂರು ರೂಪಾಯಿ ಕೇಳಿದ. ಯಜಮಾನರಿಗೆ ಅವಮಾನವಾಯಿತು. "ಒಮೇಗಾಗೆ ನೂರರ ಲೆಕ್ಕ ಹೇಳ್ತಾನಲ್ರೀ!" ಬೆಂಗಳೂರಿನ ಹಳೆಯ ರಿಪೇರಿಯವರು ಸಾವಿರಗಳಲ್ಲಿ ಹೇಳಿದರು. ಅದು ಮರ್ಯಾದಸ್ಥ ರೇಟು ಅನ್ನಿಸಿತು, ಆದರೆ ಕೊಡುವ ಮನಸ್ಸಾಗಲಿಲ್ಲ. ಕಂಪನಿಯ ಕಡೆಯಿಂದಲೇ ಮಾಡಿಸಿದರೆ ಅರ್ಧ ಲಕ್ಷ ದಾಟಬಹುದು, ಅಷ್ಟು ಹಳೆಯದಾದರೆ ಸ್ವಿಟ್ಜರ್ಲೆಂಡಿನ ಬಿಯೆಲ್ ಊರಿಗೇ ಕಳಿಸಬೇಕಾಗಬಹುದು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ತಿಳಿದ ದಿನ ಮಾತ್ರ ಅವರ ಮುಖ ಅರಳಿತು. ಸಂಜೆ ಕಟ್ಟೆಯ ಮೇಲೆ ಲೆಕ್ಕ ಒಪ್ಪಿಸಿದರು: "ಒಂದು ಸರ್ವೀಸಿಗೆ ಒಂದು ಕ್ವಿಂಟಾಲ್ ರಾಶಿ ಅಡಿಕೆ ಹೋಗುತ್ತೆ. ಇಡೀ ಹೋಬಳಿಯಲ್ಲಿ ಇಂಥ ಖರ್ಚು ಯಾರಿಗಾದ್ರೂ ಇದೆಯಾ?" ಹೀಗೆ ಹೇಳಿ, ಕೊನೆಗೆ ವಾಚನ್ನು ಕೊಟ್ಟದ್ದು ಮಾತ್ರ ಬೆಂಗಳೂರಿನ ರಿಪೇರಿಯವರಿಗೇ. ಅದೂ ಮುಂಗಡವಿಲ್ಲದೆ.

ಆ ರಿಪೇರಿಯವರಿಗೆ ಎಪ್ಪತ್ತರ ಮೇಲೆ ವಯಸ್ಸು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಿನಿಂದ ಗಿರಾಕಿಯನ್ನು ತೂಗುವವರು. "ಬುಧವಾರ ಬನ್ನಿ" ಎನ್ನುತ್ತಾರೆ, ಯಾವ ಬುಧವಾರ ಎಂದು ಹೇಳುವುದಿಲ್ಲ. ತಡ ಯಾಕೆ ಎಂದು ಜಗಳಕ್ಕೆ ನಿಂತ ಯಜಮಾನರನ್ನು ಒಮ್ಮೆ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. ಬಿಳಿ ಕಾಗದದ ಮೇಲೆ ವಾಚಿನ ಒಳಗೆಲ್ಲ ಬಿಡಿಬಿಡಿಯಾಗಿತ್ತು. ಧೂಳು ಕೂರದಿರಲಿ ಎಂದು ಮೇಲೊಂದು ಗಾಜಿನ ಲೋಟ ಬೋರಲು. "ಎಣ್ಣೆ ಒಣಗಿ ಎತ್ತಿನ ಗಾಡಿ ಅಚ್ಚಿನ ಥರ ಆಗಿದೆ. ಈ ಹಳೇ ವಾಚುಗಳಲ್ಲಿ ಬ್ಯಾಲೆನ್ಸು ಗಂಟೆಗೆ 18,000 ಸಲ ಹೊಡ್ಕೊಳ್ಳುತ್ತೆ. ಒಣಗಿದ್ರಲ್ಲೇ ನೀವು ಕೀ ಕೊಟ್ಟು ಓಡಿಸಿದ್ರೆ ಲೋಹ ಲೋಹಾನ ತಿನ್ನುತ್ತೆ. ನೋಡಿ, ಈ ಬ್ಯಾಲೆನ್ಸಿನ ಕಡ್ಡಿ ತುದಿ ಮುರಿದಿದೆ. ಇದು ಈಗ ಅಂಗಡೀಲಿ ಸಿಗಲ್ಲ. ಇಂಥದೇ ಕೆಟ್ಟ ವಾಚು ಹುಡುಕಿ ಅದರಿಂದ ತೆಗೀಬೇಕು, ಇಲ್ಲಾ ಲೇತಲ್ಲಿ ಹೊಸದು ಕಡೀಬೇಕು. ಆಮೇಲೆ ಸೂಜಿ ಮೊನೇಲಿ ಎಣ್ಣೆ. ಒಂದು ಹನಿ ಹೆಚ್ಚಾದ್ರೂ ಹರಿದು ಹೇರ್ ಸ್ಪ್ರಿಂಗಿಗೆ ಅಂಟಿ ವಾಚು ಕುದುರೆ ಥರ ಓಡುತ್ತೆ. ಜೋಡಿಸಿದ ಮೇಲೆ ಮಲಗಿಸಿ ಒಂದು ದಿನ, ಬೋರಲು ಹಾಕಿ ಒಂದು ದಿನ, ನಿಲ್ಲಿಸಿ ಒಂದು ದಿನ ನೋಡ್ಬೇಕು. ಹೇಳಿ, ಅವಸರ ಮಾಡ್ಲಾ?"

ಯಜಮಾನರು ಬೇಡವೆಂದರು. ಡಯಲ್ ಮಾಸಿದೆ, ಬಣ್ಣ ಹೊಡೆದು ಹೊಸದು ಮಾಡಿ ಎಂದು ಮಾತ್ರ ಕೇಳಿಕೊಂಡರು. ಮುದುಕರು ಭೂತಗನ್ನಡಿ ತೆಗೆದರು. "ಹಳೇ ಡಯಲ್ಲಿಗೇ ಇವತ್ತು ಬೆಲೆ. ಬಣ್ಣ ಹೊಡೆದ್ರೆ ಅದು ಬೊಂಬಾಯಿ ಫುಟ್‌ಪಾತಿನ ಮಾಲಾಗುತ್ತೆ." ಊರಿಗೆ ಬಂದ ಯಜಮಾನರು ಅದನ್ನು ತಮ್ಮದೇ ಮಾತೆಂದು ಎಲ್ಲರಿಗೂ ಹೇಳಿದರು.

ಇತ್ತ ಮನೆಯಲ್ಲಿ ಬೇರೆಯೇ ಒಂದು ವಾಚು ಓಡುತ್ತಿದೆ. ಅವರ ಹೆಂಡತಿಗೆ ತವರಿನಿಂದ ಬಂದ ಎಚ್‌ಎಂಟಿ ಜನತಾ. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮದುವೆಗೆ, ಪರೀಕ್ಷೆ ಪಾಸಾಗಿದ್ದಕ್ಕೆ, ರಿಟೈರಾಗಿದ್ದಕ್ಕೆ ನಾಡಿನ ಕೈಗೆಲ್ಲ ಏರಿದ ಸರಕು ಅದು. ಎಚ್‌ಎಂಟಿ ವಾಚಿನ ಕಂಪನಿಯನ್ನೇ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಆದರೆ ಈ ಜನತಾಗೆ ಆ ಸುದ್ದಿ ಮುಟ್ಟಿಲ್ಲ. ಅಡುಗೆಮನೆಯ ಮೊಳೆಗೆ ನೇತುಬಿದ್ದು, ಅಮ್ಮಾವ್ರು ಬೆಳಿಗ್ಗೆ ಹಾಲು ಕಾಯಿಸುವಾಗ ಕೊಡುವ ಕೀಗೆ ಮರುದಿನದವರೆಗೆ ಓಡುತ್ತದೆ. ಕೆಟ್ಟರೆ ಅದೇ ಕಡೂರಿನ ಗೂಡಂಗಡಿ, ಅದೇ ಕೆಲವು ನೂರು, ಸಂತೆ ಮುಗಿಸಿ ಬರುವಷ್ಟರಲ್ಲಿ ರೆಡಿ. ಯಜಮಾನರು ಅದನ್ನು ವಾಚೆಂದು ಒಪ್ಪುವುದಿಲ್ಲ. ಚಿಕ್ಕಮಗಳೂರಿಗೆ ಹೊರಡುವ ದಿನ ಮಾತ್ರ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಬರುತ್ತಾರೆ. "ನೀರು ಕುಡಿದ್ರಾ, ಟೈಮ್ ಕುಡಿದ್ರಾ?" ಎಂದು ಒಳಗಿಂದ ಕೇಳುತ್ತದೆ.

ಮಾಗಿಯಲ್ಲಿ ವಾಚು ಬಂದೇಬಿಟ್ಟಿತು. ಯಜಮಾನರು ಕಟ್ಟಿಕೊಂಡು ಕಟ್ಟೆಗೆ ಬಂದರು. ಎಲ್ಲರೂ ನೋಡಿದರು, ಕಿವಿಗಿಟ್ಟುಕೊಂಡರು, ಚೆನ್ನಾಗಿದೆ ಎಂದರು. ಅಲ್ಲಿಗೆ ಮುಗಿಯಿತು. ಮರುದಿನದಿಂದ ಟೈಮ್ ಕೇಳಿದವರಿಗೆ ಅವರು "ಹತ್ತೂ ಇಪ್ಪತ್ತು" ಎನ್ನಬೇಕು, ಕೇಳಿದವರು ಹೋಗಿಬಿಡುತ್ತಾರೆ. ಕೊಬ್ಬರಿಯಿಲ್ಲ, ದೊರೆಯಿಲ್ಲ, ಅರಮನೆಯಿಲ್ಲ. ಕೈಮೇಲಿದ್ದಾಗ ಅದು ಬರೀ ಟೈಮ್ ತೋರಿಸುತ್ತದೆ, ಸರ್ವೀಸಿನಲ್ಲಿದ್ದಾಗ ಮನೆತನ ತೋರಿಸುತ್ತಿತ್ತು ಎಂಬುದು ಅವರಿಗೆ ವಾರದೊಳಗೆ ಅರ್ಥವಾಯಿತು.

ಮುಂದಿನ ಬುಧವಾರವೇ ಬೆಂಗಳೂರಿನ ಅಂಗಡಿಯಲ್ಲಿ ಹಾಜರು. "ದಿನಕ್ಕೆ 30 ಸೆಕೆಂಡು ಹಿಂದೆ ಬೀಳ್ತಿದೆ."

"ದಿನಕ್ಕೆ 86,400 ಸೆಕೆಂಡು ಇದೆ ಸ್ವಾಮಿ. ಈ ವಯಸ್ಸಿಗೆ 30 ಹಿಂದೆ ಬಿದ್ರೆ ಕೈಮುಗೀಬೇಕು. ನೀವೇ ಮುಹೂರ್ತ ಬಿಟ್ಟು ಊಟದ ಹೊತ್ತಿಗೆ ಮದುವೆಗೆ ಹೋಗೋರು."

ಯಜಮಾನರು ಒಪ್ಪಲಿಲ್ಲ. ಅಂದು ಸಂಜೆ ಬರಿಗೈಯಲ್ಲಿ ಬಸ್ಸಿಳಿದವರ ಮುಖದಲ್ಲಿ ಹಳೆಯ ಕಳೆ ಮರಳಿತ್ತು. ತೋಳು ಆಗಲೇ ಎರಡು ಮಡಿಕೆ ಮೇಲಿತ್ತು.

"ಈ ಸಲ ಬಿಯೆಲ್‌ಗೇ ಕಳಿಸೋ ಯೋಚನೆ ಇದೆ" ಎಂದರು.

"ಬರೋದು ಯಾವಾಗ ಯಜಮಾನ್ರೇ?"

"ಬರ್ಲಿ ಬಿಡ್ರೀ, ನಮಗೇನು ಅವಸರ?"