ಕಣ್ಣಡಿಯ ಚೀಲಕ್ಕೆ ಹನಿ ಮದ್ದು

ಕಣ್ಣಡಿಯ ಊತ ಇಳಿಸುವ ಸೀರಮ್‌ಗಳಲ್ಲಿ ಹೆಚ್ಚಿನವುಗಳ ಹೀರೋ ಕೆಫೀನ್. ಅಂದರೆ ಫಿಲ್ಟರ್ ಕಾಫಿಯ ಜೀವಾಳವೇ; ಕುಡಿಯುವ ಬದಲು ಹಚ್ಚಿಕೊಳ್ಳಬೇಕು, ಅಷ್ಟೇ. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ ಎಂಬುದು ವಾದ. ಆದರೆ 2011ರಲ್ಲಿ ಥಾಯ್ಲೆಂಡ್‌ನ ಸಂಶೋಧಕರು ಕೆಫೀನ್ ಇರುವ ಜೆಲ್ಲನ್ನೂ ಇಲ್ಲದ ಜೆಲ್ಲನ್ನೂ ಹಚ್ಚಿ ನೋಡಿದಾಗ, ಕೆಲಸ ಮಾಡಿದ್ದು ಮುಖ್ಯವಾಗಿ ಜೆಲ್ಲಿನ ತಂಪು ಎಂದು ಕಂಡಿತು. ತಂಪೇ ಸಾಕೆಂದರೆ ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಚಮಚಕ್ಕೇನು ಬರ? ‘ಹಚ್ಚಿದ ಮೇಲೆ ಇಳಿದದ್ದು ಸುಳ್ಳೇ?’ ಎನ್ನುವಿರಿ. ಸುಳ್ಳಲ್ಲ. ರಾತ್ರಿ ಹಪ್ಪಳ, ಉಪ್ಪಿನಕಾಯಿ ಬಾರಿಸಿ ಮಲಗಿದವರ ಕಣ್ಣಡಿ ನಿಂತ ನೀರು ಎದ್ದು ಓಡಾಡಿದರೆ ತಾನಾಗಿ ಇಳಿಯುತ್ತದೆ. ಹೆಸರು ಮಾತ್ರ ಸೀರಮ್ಮಿಗೆ. ವಯಸ್ಸಾದಂತೆ ಮುಂದಕ್ಕೆ ಜಾರಿದ ಕೊಬ್ಬಾದರೋ, ಯಾವ ಹನಿಗೂ ಜಗ್ಗದು. ಹಾಗೆಂದು ಡ್ರಾಪರ್‌ನಿಂದ ಒಂದೊಂದೇ ತೊಟ್ಟು ಬಿಟ್ಟು, ಉಂಗುರದ ಬೆರಳಲ್ಲಿ ಮೆಲ್ಲಗೆ ತಟ್ಟಿಕೊಳ್ಳುವ ಗತ್ತು ಚಮಚಕ್ಕಿಲ್ಲ, ಒಪ್ಪಿದೆ. ಮೇಲಾಗಿ ಅದನ್ನು ತೊಳೆದು ಅಡುಗೆಮನೆಗೆ ವಾಪಸ್ ಇಡಬೇಕು.